ಬೀಗದ ಮನೆಗಳ ಮುಂದಿನ ರಂಗೋಲಿ

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕ್ ಇದೆ. ನಮ್ಮವರು, ಅಂದರೆ ನನ್ನ ಗಂಡ, ಅದನ್ನು ನನ್ನ ಹವ್ಯಾಸಗಳ ಸ್ಮಶಾನ ಎನ್ನುತ್ತಾರೆ. ಮಾತು ಒರಟಾದರೂ ಸುಳ್ಳಲ್ಲ. ಕಳೆದ ವಾರ ನುಸಿಗುಳಿಗೆ ಹಾಕೋಣವೆಂದು ಮುಚ್ಚಳ ತೆಗೆದರೆ ಒಂದೇ ತೋಳಿನ ಸ್ವೆಟರ್ ಮೇಲೆಯೇ ಮಲಗಿತ್ತು. ಅದರ ಕೆಳಗೆ ಸರಳೆ ವರಸೆ ದಾಟಿ ಮುಂದೆ ಹೋಗದ ಕೀಬೋರ್ಡು, ಕಲ್ಲಿನಂತೆ ಗಟ್ಟಿಯಾದ ಬಣ್ಣದ ಟ್ಯೂಬುಗಳು, ಅಣಬೆ ಬೆಳೆಯುತ್ತೇನೆಂದು ತರಿಸಿದ ಪ್ಲಾಸ್ಟಿಕ್ ಚೀಲಗಳು. ಮೂಡಿಗೆರೆಯಲ್ಲಿ ಮಳೆಗಾಲ ಬಂದರೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಮೇಲೂ ತಾನಾಗಿಯೇ ಅಣಬೆ ಏಳುತ್ತದೆ. ನನ್ನ ಚೀಲದಲ್ಲಿ ಮಾತ್ರ ಏಳಲಿಲ್ಲ.

ಒಂದು ಹವ್ಯಾಸ ಮಾತ್ರ ಆ ಟ್ರಂಕಿನ ಪಾಲಾಗದೆ ಉಳಿದುಕೊಂಡಿದೆ. ಅದನ್ನು ಎತ್ತಿಡಲು ಬರುವುದಿಲ್ಲ. ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನದೊಳಗೆ ಯಾರದ್ದಾದರೂ ಕಾಲಿಗೆ ಸಿಕ್ಕಿ ಅಳಿಸಿಹೋಗಿರುತ್ತದೆ. ಬಾಗಿಲ ಮುಂದೆ ಕೂತು ರಂಗೋಲಿ ಹಾಕುತ್ತೇನೆ, ಅಷ್ಟೇ. ‘ಇದೆಂಥ ದೊಡ್ಡ ಸಂಗತಿ, ನಮ್ಮ ಮನೆಯಲ್ಲೂ ಹಾಕುತ್ತಾರೆ’ ಎನ್ನುತ್ತೀರಿ. ಹಾಕುತ್ತಾರೆ, ನಿಜ. ಆದರೆ ನಾನು ಅದನ್ನು ಕಲಿತ ಜಾಗ ಸ್ವಲ್ಪ ಬೇರೆ. ಹೇಳುವ ಮೊದಲು ಒಂದು ಮಾತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಲ್ಯಾಬಿನ ಅಸ್ಥಿಪಂಜರ ತಲೆ ಅಲ್ಲಾಡಿಸಿತು ಎಂದು ಯಾರಾದರೂ ಬಂದು ಹೇಳಿದರೆ ಕಿಟಕಿ ಮುಚ್ಚಿ ಬಾ, ಗಾಳಿ ಅದು ಎಂದು ಕಳಿಸುವವಳು. ಆದ್ದರಿಂದ ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಉಳಿದದ್ದು ನಿಮಗೆ ಬಿಟ್ಟದ್ದು.

ನಾನು ಹುಟ್ಟಿ ಬೆಳೆದದ್ದು ಕುದುರೆಮುಖದಲ್ಲಿ. ಬೆಟ್ಟ ಹತ್ತಲು ಹೋಗುವ ಕುದುರೆಮುಖವಲ್ಲ, ಗಣಿ ಕಂಪನಿಯವರು ಕಾಡಿನ ನಡುವೆ ಕಟ್ಟಿಸಿದ್ದ ಟೌನ್‌ಶಿಪ್. ಅಪ್ಪ ಅಲ್ಲಿ ಎಲೆಕ್ಟ್ರಿಷಿಯನ್. ಅವರ ಅಂಗಿಯ ಕಾಲರಿನಲ್ಲಿ ಎಷ್ಟು ತಿಕ್ಕಿದರೂ ಹೋಗದ ಕೆಂಪು ಮಣ್ಣಿನ ಗೆರೆ ಇರುತ್ತಿತ್ತು. ಒಂದು ರಸ್ತೆಗೆ ಒಂದೇ ತರದ ಮನೆಗಳ ಸಾಲು. ಎಷ್ಟು ಒಂದೇ ತರ ಎಂದರೆ, ಮಂಜು ದಟ್ಟವಾಗಿದ್ದ ದಿನ ನಾನು ಶಾಲೆಯಿಂದ ನೇರ ಪಕ್ಕದ ಮನೆಗೆ ಹೋಗಿ, ಬೂಟು ಬಿಚ್ಚಿ, ಅವರ ಅಡುಗೆಮನೆಯಲ್ಲಿ ಕೂತು ಉಪ್ಪಿಟ್ಟು ತಿಂದದ್ದುಂಟು. ಆ ಮನೆಯ ಪಾಟೀಲ ಆಂಟಿ ಏನೂ ಹೇಳದೆ ಬಡಿಸುತ್ತಿದ್ದರು. ತಿಂದು ಮುಗಿದ ಮೇಲೆ, ‘ಇನ್ನು ನಿಮ್ಮ ಮನೀಗೆ ಹೋಗವಾ’ ಎನ್ನುತ್ತಿದ್ದರು.

ಸಾಲಿನ ಹೆಂಗಸರೆಲ್ಲ ಒಂದೊಂದು ಸೀಮೆಯವರು. ಧಾರವಾಡ ಕಡೆಯವರು, ಕರಾವಳಿಯವರು, ಒಬ್ಬರು ತಮಿಳಿನ ಮಾಮಿ. ಮನೆಗಳ ಬಣ್ಣ, ಬಾಗಿಲು, ಕಿಟಕಿ ಎಲ್ಲ ಕಂಪನಿಯದ್ದು. ಬಾಗಿಲ ಮುಂದಿನ ರಂಗೋಲಿ ಮಾತ್ರ ಅವರವರದ್ದು. ಮಾಮಿಯದು ಚುಕ್ಕಿಗಳ ಸುತ್ತ ಹಾವಿನಂತೆ ಸುತ್ತುವ ಒಂದೇ ಎಳೆ. ಪಾಟೀಲ ಆಂಟಿಯದು ದಪ್ಪ ಗೆರೆಯ ತೇರು. ನಮ್ಮಮ್ಮನದು ಎಂಟು ದಳದ ತಾವರೆ. ಅದರಲ್ಲಿ ಏಳು ದಳ ತುಂಬಿಕೊಂಡಿರುತ್ತಿದ್ದವು, ಎಂಟನೆಯದು ಮಾತ್ರ ಬಡಕಲು. ಅಮ್ಮ ಎಂಟನೆಯ ದಳಕ್ಕೆ ಬರುವ ಹೊತ್ತಿಗೆ ಸರಿಯಾಗಿ ಒಳಗೆ ಹಾಲು ಉಕ್ಕುತ್ತಿತ್ತು. ಕೈಲಿದ್ದ ಪುಡಿಯನ್ನು ಹೇಗೋ ಎಳೆದು ಒಳಗೆ ಓಡುವರು. ಅವರ ಜೀವಮಾನದಲ್ಲಿ ಎಂಟನೆಯ ದಳ ನೆಟ್ಟಗಾದದ್ದು ನಾನು ನೋಡಲಿಲ್ಲ.

ಗಣಿ ನಿಂತ ಮೇಲೆ ಜನ ಒಬ್ಬೊಬ್ಬರಾಗಿ ಖಾಲಿ ಮಾಡಿದರು. ಆ ಹೊತ್ತಿಗೆ ನಾನು ಮದುವೆಯಾಗಿ ಮೂಡಿಗೆರೆಗೆ ಬಂದಾಗಿತ್ತು. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆಯೇ ಇದ್ದರು. ಮಂಡಿನೋವಿನಿಂದ ನೆಲಕ್ಕೆ ಕೂರಲಾಗದೆ ರಂಗೋಲಿ ಬಿಟ್ಟಿದ್ದರು. ಎರಡು ವರ್ಷದ ಹಿಂದೆ ಅವರೂ ಹೋದರು. ಹದಿಮೂರನೆಯ ದಿನ ಬಾಗಿಲಿಗೆ ಅವರ ತಾವರೆ ಹಾಕೋಣವೆಂದು ಕೂತರೆ ನನಗೆ ಬರಲಿಲ್ಲ. ಚುಕ್ಕಿ ಎಲ್ಲಿಂದ ಶುರು, ಎಳೆ ಯಾವ ಕಡೆಗೆ, ಒಂದೂ ನೆನಪಿಲ್ಲ. ದಿನಾ ಅದನ್ನು ದಾಟಿಕೊಂಡೇ ಶಾಲೆಗೆ ಹೋದವಳು ನಾನು. ಆ ಹೊತ್ತಿಗೆ ಅಳು ಬಂದದ್ದು ಅಮ್ಮ ಹೋದದ್ದಕ್ಕೋ ತಾವರೆ ಬಾರದ್ದಕ್ಕೋ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಕಳೆದ ಚಳಿಗಾಲದಲ್ಲಿ ಕಾರ್ಕಳದ ಕಡೆ ಒಂದು ಮದುವೆಗೆ ಕಾರಿನಲ್ಲಿ ಹೊರಟಿದ್ದೆವು. ಕಳಸ ದಾಟಿ ಕುದುರೆಮುಖದ ಗೇಟು ಬಂದಾಗ ನಾನು, ‘ಒಂದು ಐದು ನಿಮಿಷ ಮನೆ ನೋಡಿ ಬರ್ತೀನಿ’ ಎಂದೆ. ಗೇಟಿನಲ್ಲಿದ್ದ ಕಾವಲುಗಾರ, ‘ಹುಷಾರು, ಕಾಟಿ ಓಡಾಡ್ತವೆ’ ಎಂದು ಕಾಡುಕೋಣಗಳ ಎಚ್ಚರಿಕೆ ಕೊಟ್ಟು ಒಳಗೆ ಬಿಟ್ಟ. ನಮ್ಮವರು ಕಾರಿನಲ್ಲೇ ಕೂತರು. ನಾನು ಇಳಿದು ನಡೆದೆ.

ಹಗಲೇ, ಒಂಬತ್ತರ ಹೊತ್ತು. ಆದರೆ ಮಂಜು ಇನ್ನೂ ಸರಿದಿರಲಿಲ್ಲ. ಕೈ ಚಾಚಿದರೆ ಬೆರಳು ಕಾಣುತ್ತಿತ್ತು, ಅದರಾಚೆ ಬಿಳಿ. ಮನೆಗಳು ಹತ್ತಿರ ಹೋದಂತೆ ಒಂದೊಂದಾಗಿ ಎದುರು ಬಂದು ನಿಲ್ಲುತ್ತಿದ್ದವು. ಕೆಲವಕ್ಕೆ ಬೀಗ, ಕೆಲವಕ್ಕೆ ಬಾಗಿಲೇ ಇಲ್ಲ. ಒಂದು ಮನೆಯ ಕಿಟಕಿಯಿಂದ ಬಳ್ಳಿ ಹೊರಗೆ ಬಂದು, ಯಾರೋ ಒಣಗಲು ಹಾಕಿದ ಸೀರೆಯಂತೆ ಜೋತುಬಿದ್ದಿತ್ತು. ಹಕ್ಕಿಯ ದನಿಯೂ ಇಲ್ಲ. ನನ್ನ ಚಪ್ಪಲಿಯ ಸದ್ದು ಮಾತ್ರ ಎದುರು ಸಾಲಿಗೆ ಹೋಗಿ ಬಡಿದು ಹಿಂದಕ್ಕೆ ಬರುತ್ತಿತ್ತು.

ಮೊದಲ ಮನೆಯ ಮುಂದೆ ರಂಗೋಲಿ ಇತ್ತು.

ಹಳೆಯದರ ಕಲೆಯಿರಬೇಕು ಎಂದುಕೊಂಡೆ. ಬಗ್ಗಿ ನೋಡಿದರೆ ಹೊಸ ಪುಡಿ. ಸುತ್ತ ನೆಲ ಗುಡಿಸಿ ನೀರು ಹಾಕಿತ್ತು. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಎರಡನೆಯದರ ಮುಂದೆಯೂ ಹಾಗೇ. ಮೂರನೆಯ ಮನೆಗೆ ಹೋದೆ. ಅದಕ್ಕೆ ಬಾಗಿಲಿಲ್ಲ, ಒಳಗೆ ನಡುಮನೆಯಲ್ಲಿ ಗಿಡ ಬೆಳೆದಿತ್ತು. ಹೊಸ್ತಿಲ ಮುಂದೆ ಚುಕ್ಕಿ ಸುತ್ತಿದ ಒಂದೇ ಎಳೆ. ಅದು ಮಾಮಿಯ ಮನೆ. ಅದರ ಮುಂದಿನದರಲ್ಲಿ ದಪ್ಪ ಗೆರೆಯ ತೇರು. ನಾನು ಅಲ್ಲಿಂದ ತಿರುಗಿ ಓಡಬೇಕಿತ್ತು. ಕಾಲು ಮುಂದಕ್ಕೇ ಹೋಯಿತು.

ನಮ್ಮ ಮನೆಯ ಮುಂದೆ ತಾವರೆ ಇತ್ತು. ಏಳು ದಳ ತುಂಬಿಕೊಂಡು, ಎಂಟನೆಯದು ಬಡಕಲಾಗಿ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೆದರಿಕೆ ಎಂದರೆ ಎದೆ ಹೊಡೆದುಕೊಳ್ಳುವುದು ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಕಿವಿ ಮಾತ್ರ ಚುರುಕಾಯಿತು. ಒಳಗೆ ಈಗ ಹಾಲು ಉಕ್ಕಿದ ಸುಯ್ ಸದ್ದು ಬರುತ್ತದೆ ಎಂದು ಕಾದೆ. ನಿಜವಾಗಿ ಕಾದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಬಂದದ್ದು ನಮ್ಮವರು. ಹಾರ್ನು ಹೊಡೆದು ಸಾಕಾಗಿ ಹುಡುಕಿಕೊಂಡು ಬಂದಿದ್ದರು. ರಂಗೋಲಿ ನೋಡಿ, ‘ಯಾರೋ ಫೋಟೋ ಶೂಟಿಗೆ ಬಂದೋರು ಹಾಕಿರ್ಬೇಕು, ಏಳು ಮಾರಾಯ್ತಿ, ಮುಹೂರ್ತ ಮೀರುತ್ತೆ’ ಎಂದರು.

‘ಇದು ಅಮ್ಮನದು’ ಎಂದೆ.

‘ತಾವರೆ ಯಾರು ಬೇಕಾದ್ರೂ ಹಾಕ್ತಾರೆ.’

‘ಆ ದಳ ನೋಡಿ.’

ಅವರು ನೋಡಿದರು. ಮದುವೆಯಾದ ಹೊಸತರಲ್ಲಿ ಮಾವನ ಮನೆಗೆ ಬಂದಾಗಲೆಲ್ಲ ಅದನ್ನು ದಾಟಿ ಒಳಗೆ ಹೋದವರೇ ತಾನೇ. ಬಗ್ಗಿ ಆ ದಳವನ್ನೇ ಮತ್ತೊಮ್ಮೆ ನೋಡಿದರು. ಆಗ ಸಾಲಿನ ಕೊನೆಯಿಂದ ಒಂದು ಹೆಣ್ಣಿನ ದನಿ, ‘ಯಾರದು ಅಲ್ಲಿ?’ ಎಂದು ಕೇಳಿತು. ಮಂಜಿನೊಳಗಿಂದ ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿಕೊಂಡ ಹೆಂಗಸು ಹೊರಗೆ ಬಂದರು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ರಂಗೋಲಿ ಪುಡಿಯ ಕರಟ.

‘ಸುಮಿತ್ರಮ್ಮನ ಮಗಳಲ್ವೇನೆ ನೀನು? ವಿಮಲ?’

ಗಿರಿಜಕ್ಕ. ನಾವು ಚಿಕ್ಕವರಿದ್ದಾಗ ಸಾಲಿನ ಕೊನೆಯ ಮನೆಗೆ ಹೊಸದಾಗಿ ಮದುವೆಯಾಗಿ ಬಂದವರು. ಗಂಡ ಶೇಖರಣ್ಣ ಕಂಪನಿ ಬಸ್ಸಿನ ಡ್ರೈವರ್. ಎಲ್ಲರೂ ಹೋದ ಮೇಲೆ ಶೇಖರಣ್ಣನಿಗೆ ಅಲ್ಲೇ ಗೆಸ್ಟ್ ಹೌಸ್ ನೋಡಿಕೊಳ್ಳುವ ಕೆಲಸ ಸಿಕ್ಕಿ ಇಬ್ಬರೂ ಉಳಿದಿದ್ದರು. ನಾವು ಮುಹೂರ್ತ ಬಿಟ್ಟೆವು. ಅವರ ಅಡುಗೆಮನೆಯಲ್ಲಿ ಬೆಲ್ಲದ ಕಾಫಿ ಕುಡಿಯುತ್ತ ಕೂತೆವು.

‘ಇದೆಲ್ಲ ನೀವೇ ಹಾಕೋದಾ ಗಿರಿಜಕ್ಕ? ದಿನಾ?’

‘ಹೂಂ, ನಾನೇ. ಮಳೆಗಾಲದಲ್ಲಿ ಮಾತ್ರ ಜಗುಲಿ ಒಳಗೆ ಸಣ್ಣದು.’

‘ಯಾರೂ ಇಲ್ಲದ ಮನೆಗೆ?’

ಅವರು ಒಲೆಯ ಉರಿ ತಗ್ಗಿಸಿದರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

‘ಹಾಕ್ಬೇಕು ಅಂತ ಹಾಕಿದ್ದಲ್ಲ ಕಣೆ. ಎಲ್ಲ ಹೋದ್ಮೇಲೆ ಮೊದಲನೇ ವರ್ಷ ಬೆಳಗಾಗೋ ಹೊತ್ತಿಗೆ ನಂಗೆ ಎಚ್ಚರ ಆಗೋದು. ಮಲಗಿದಲ್ಲೇ ಕೇಳ್ತಿತ್ತು, ಬಾಗಿಲಿಗೆ ನೀರು ಹಾಕೋ ಸದ್ದು. ಮೊದಲು ಆ ತುದಿ, ಗೇಟಿನ ಕಡೆ ಮನೇದು. ಆಮೇಲೆ ಪಕ್ಕದ್ದು. ಆಮೇಲೆ ಅದರ ಈಚೆದು. ಹಂಗೇ ಒಂದೊಂದೇ ಮನೆ ದಾಟಿ ಹತ್ತಿರ ಬರೋದು. ನಿಮ್ಮಮ್ಮ, ಪಾಟೀಲ ಆಂಟಿ, ಮಾಮಿ ಎಲ್ಲ ಹಾಕ್ತಿದ್ರಲ್ಲ, ಅದೇ ಸಾಲು. ನಮ್ಮನೆ ಪಕ್ಕದ ಮನೆಗೆ ಬಂದು ನಿಲ್ಲೋದು. ನಮ್ಮ ಬಾಗಿಲಿಗೆ ಯಾವತ್ತೂ ಬರ್ಲಿಲ್ಲ.’

ನಮ್ಮವರು ಲೋಟ ಕೆಳಗಿಟ್ಟರು. ‘ಶೇಖರಣ್ಣನಿಗೂ ಕೇಳ್ತಿತ್ತಾ?’

‘ಅವರಿಗೆ ಆನೆ ಬಂದು ಗೋಡೆ ಬೀಳಿಸಿದ್ರೂ ಎಚ್ಚರಾಗಲ್ಲ. ಮಂಜಿನ ಹನಿ ಶೀಟಿನ ಮೇಲೆ ಬೀಳೋದು ಅದು, ಮಲಗು ಅಂದ್ರು. ಇರ್ಬಹುದು ಅಂದ್ಕೊಂಡೆ. ಆದ್ರೆ ಹನಿ ಬಿದ್ರೆ ಎಲ್ಲ ಮನೆ ಮೇಲೂ ಒಟ್ಟಿಗೇ ಬೀಳ್ಬೇಕಲ್ವ? ಹಿಂಗೆ ಒಬ್ಬರಾದ್ಮೇಲೆ ಒಬ್ಬರು ಹಾಕಿದಂಗೆ ಬೀಳುತ್ತಾ? ಊಟ ಸೇರ್ತಿರ್ಲಿಲ್ಲ. ಕೊನೆಗೊಂದು ದಿನ ಬೇಜಾರಾಗಿ ತಂಬಿಗೆ ತಗೊಂಡು ಹೋದೆ. ಆ ತುದಿ ಮನೆಯಿಂದ ಶುರು ಮಾಡಿ ನಾನೇ ನೀರು ಹಾಕ್ದೆ. ಹಾಕಿದ್ಮೇಲೆ ಬರೀ ನೀರು ಹಾಕಿ ಬಿಡೋದು ಹೆಂಗೆ ಅಂತ ಎರಡೆಳೆ ಎಳೆದೆ. ಮಾರನೇ ದಿನ ಸದ್ದಿಲ್ಲ.’

‘ಅವತ್ತಿಂದ?’

‘ಅವತ್ತಿಂದ ಇಲ್ಲ. ಮೊದಮೊದಲು ಹೆದರಿಕೆಗೆ ಹಾಕ್ತಿದ್ದೆ. ಆಮೇಲೆ ಹೆದರಿಕೆ ಹೋಯ್ತು, ಹಾಕೋದು ಉಳೀತು. ಯಾರದ್ದು ಹೆಂಗಿತ್ತು ಅಂತ ನೆನಪು ಮಾಡ್ಕೊಂಡು ಅವರವರದ್ದೇ ಹಾಕೋದು. ಬೆರಳು ಬಿಟ್ಟು ಪುಡಿ ಇಳಿಯುತ್ತಲ್ಲ, ಆವಾಗ ತಲೇಲಿ ಏನೂ ಇರಲ್ಲ ವಿಮಲ. ತಣ್ಣಗಿರುತ್ತೆ. ಮುಗೀತು ಅಂದ್ಕೊಂಡ್ರೆ ನಾಳೆಗೆ ಮತ್ತೆ ಇದೆ. ಮುಗಿಯದೇ ಇರೋದು ಎಷ್ಟು ಚಂದ.’

ನಾನು ನೋಡಿದ ಎಷ್ಟೋ ಜನ ದೊಡ್ಡ ದೊಡ್ಡದನ್ನು ಗಳಿಸಿ ಅದನ್ನು ಹೇಳಿಕೊಳ್ಳುವಾಗಲೂ ಅಷ್ಟು ಸಮಾಧಾನದಿಂದ ಹೇಳಿದ್ದಿಲ್ಲ. ಅಡುಗೆಮನೆಯ ಕಿಟಕಿಯಾಚೆ ಮಂಜು, ಅದರೊಳಗೆ ಬಾಗಿಲಿಲ್ಲದ ಮನೆಗಳು. ಈ ಹೆಂಗಸು ಮಾತ್ರ ಹಬ್ಬದ ಮಾರನೆಯ ದಿನದ ನಿರಾಳದಲ್ಲಿ ಕೂತು ಕಾಫಿ ಸೋಸುತ್ತಿದ್ದರು.

ನನಗೆ ತಾವರೆ ಹೇಳಿಕೊಡಿ ಎಂದೆ. ನಮ್ಮ ಹಳೆಯ ಮನೆಯ ಮುಂದೆಯೇ ಕೂತೆವು. ಅವರು ಹಾಕಿದ್ದರ ಪಕ್ಕದಲ್ಲೇ ನಾನು ಚುಕ್ಕಿ ಇಟ್ಟೆ. ನನ್ನದು ತಾವರೆಯಾಗಲಿಲ್ಲ, ಎಲೆಕೋಸಾಯಿತು. ‘ಪರವಾಗಿಲ್ಲ, ತಿನ್ನೋದಾದ್ರೂ ಆಯ್ತು’ ಎಂದರು ನಮ್ಮವರು. ಗಿರಿಜಕ್ಕ ನನ್ನ ಬೆರಳು ಹಿಡಿದು ಎಳೆ ತಿರುಗಿಸಿದರು. ಎಂಟನೆಯ ದಳ ಬಂದಾಗ, ‘ಇಲ್ಲಿ ಜೋರಾಗಿ ಎಳೆದು ಎದ್ದುಬಿಡು, ನಿಮ್ಮಮ್ಮ ಹಂಗೇ’ ಎಂದರು. ಎಳೆದು ಎದ್ದೆ. ಏಳುವಾಗ ಅಮ್ಮನಂತೆಯೇ ಸೊಂಟಕ್ಕೆ ಕೈ ಕೊಟ್ಟುಕೊಂಡಿದ್ದೆ ಎಂದು ಆಮೇಲೆ ನಮ್ಮವರು ಹೇಳಿದರು.

ಅಂದಿನಿಂದ ನಾನು ಬೆಳಿಗ್ಗೆ ಹಾಕತೊಡಗಿದೆ. ಮೊದಲ ತಿಂಗಳು ಎಲೆಕೋಸು, ಆಮೇಲೆ ಗಡ್ಡೆಕೋಸು, ನಿಧಾನಕ್ಕೆ ತಾವರೆ. ಟ್ರಂಕಿನಲ್ಲಿ ಇದಕ್ಕೂ ಜಾಗ ಮಾಡಿಡುತ್ತೇನೆ ಎಂದು ನಮ್ಮವರು ಕಾದರು. ನಾನು ಬಿಡಲಿಲ್ಲ. ನಾಳೆ ಹೇಗೂ ಅಳಿಸಿಹೋಗುವುದನ್ನು ಅರ್ಧಕ್ಕೆ ಬಿಡುವುದು ಕಷ್ಟ, ಯಾರಾದರೂ ಮಾಡಿ ನೋಡಿ.

ಈ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಶೇಖರಣ್ಣನ ಕೆಲಸ ಮುಗಿಯಿತು. ಇಬ್ಬರೂ ವಸ್ತಾರೆಗೆ, ಶೇಖರಣ್ಣನ ತಮ್ಮನ ಮನೆಗೆ ಹೋದರು. ತೋಟದ ಮನೆ, ಒಳ್ಳೆಯ ಜನ. ಆದರೆ ಅಲ್ಲಿಗೆ ಹೋದ ಮೇಲೆ ಗಿರಿಜಕ್ಕ ಹಾಸಿಗೆ ಹಿಡಿದರು. ಜ್ವರವಿಲ್ಲ, ನೋವಿಲ್ಲ. ಚಿಕ್ಕಮಗಳೂರಿನಲ್ಲಿ ಡಾಕ್ಟರಿಗೆ ತೋರಿಸಿದರೆ ಎಲ್ಲ ಸರಿಯಿದೆ ಎಂದರಂತೆ. ನಾನು ನೋಡಲು ಹೋದಾಗ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅವರ ಓರಗಿತ್ತಿ ಮೆಲ್ಲಗೆ, ‘ರಂಗೋಲಿ ಆದ್ರೂ ಹಾಕಿ ಅಕ್ಕ, ಮನಸ್ಸಿಗೆ ಹಗುರಾಗುತ್ತೆ ಅಂದೆ. ಮುಟ್ಟಲ್ಲ ಅಂತಾರೆ’ ಎಂದರು.

ನಾನು ಪಕ್ಕದಲ್ಲಿ ಕೂತೆ. ಗಿರಿಜಕ್ಕ ತಿರುಗದೆಯೇ ಹೇಳಿದರು. ‘ಅಲ್ಲಿ ಹಾಕೋರಿಲ್ಲ. ಅವರನ್ನೆಲ್ಲ ಹಂಗೇ ಬಿಟ್ಟು ಬಂದು ಇಲ್ಲಿ ಬೇರೆ ಬಾಗಿಲಿಗೆ ಹೆಂಗೆ ಹಾಕ್ಲಿ? ಒಂದ್ಸಲ ಹೋಗಿ ನೋಡಿ ಬರ್ತೀಯಾ? ಬೆಳಿಗ್ಗೆ ಹೊತ್ತೇ ಹೋಗ್ಬೇಕು.’

ಮುಂದಿನ ಭಾನುವಾರ ಹೋದೆವು. ಕೊಟ್ಟಿಗೆಹಾರ ದಾಟುವಾಗ ಬೆಳಕು ಹರಿಯಿತು. ಕುದುರೆಮುಖ ಮುಟ್ಟಿದಾಗ ಬೆಳಕೇನೋ ಇತ್ತು, ಮಂಜು ಅದನ್ನು ನೆಲಕ್ಕೆ ಬಿಟ್ಟಿರಲಿಲ್ಲ. ಗೇಟಿನವನು ನಮ್ಮ ಗುರುತು ಹಿಡಿದು, ‘ಈಗ ಆ ಸಾಲಿಗೆ ಯಾರೂ ಹೋಗಲ್ಲ’ ಎಂದ. ಮನೆಗಳ ಮುಂದೆಲ್ಲ ಎಲೆ ಬಿದ್ದಿತ್ತು. ತೇರಿಲ್ಲ, ಎಳೆಯಿಲ್ಲ. ನಾನು ನಮ್ಮ ಮನೆಯ ಮುಂದೆ ಗುಡಿಸಿ, ಬಾಟಲಿಯ ನೀರು ಹಾಕಿ ಕೂತೆ. ಚುಕ್ಕಿ ಇಟ್ಟೆ. ನಮ್ಮವರು ಪಕ್ಕದಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತಿದ್ದರು.

ಐದನೆಯ ದಳ ಎಳೆಯುತ್ತಿದ್ದೆ. ನಮ್ಮವರು ಸಾಲಿನ ಗೇಟಿನ ಕಡೆಯ ತುದಿಗೆ ಕತ್ತು ತಿರುಗಿಸಿ, ಸಹಜವಾಗಿ, ಪೇಟೆಯಲ್ಲಿ ಯಾರನ್ನೋ ಕಂಡವರಂತೆ ಹೇಳಿದರು. ‘ಗಿರಿಜಕ್ಕನ ಬದಲಿಗೆ ಬೇರೆ ಯಾರೋ ಬಂದಿದ್ದಾರೆ ಅಂತ ಕಾಣುತ್ತೆ. ಆ ತುದೀಲಿ ನೀರು ಹಾಕ್ತಿದ್ದಾರೆ.’

ನನಗೂ ಕೇಳಿಸಿತು. ತಂಬಿಗೆಯಿಂದ ಬೀಸಿದ ನೀರು ಸಿಮೆಂಟಿನ ಮೇಲೆ ಹರಡುವ ಸದ್ದು. ಸ್ವಲ್ಪ ಬಿಡುವು. ಆಮೇಲೆ ಪಕ್ಕದ ಮನೆಯದು. ಮತ್ತೆ ಬಿಡುವು. ಮಾಮಿಯ ಮನೆ. ಪಾಟೀಲ ಆಂಟಿಯ ಮನೆ. ಇನ್ನು ಬರಬೇಕಾದ್ದು ನಮ್ಮದೇ. ನಮ್ಮವರ ಮುಖದ ಬಣ್ಣ ಹೋಗಿತ್ತು. ‘ವಿಮಲ, ಏಳು’ ಎಂದರು. ಅವರು ನನ್ನನ್ನು ಹೆಸರು ಹಿಡಿದು ಕರೆಯುವುದು ತೀರಾ ಅಪರೂಪ.

ನಾನು ಏಳಲಿಲ್ಲ. ಧೈರ್ಯವೆಂದಲ್ಲ. ಎಳೆ ಅರ್ಧದಲ್ಲಿತ್ತು. ಆರನೆಯ ದಳ, ಏಳನೆಯ ದಳ. ಸದ್ದು ನಮ್ಮ ಮನೆಗೆ ಬರಲಿಲ್ಲ. ನಮ್ಮನ್ನು ಬಿಟ್ಟು ಆಚೆ ಮನೆಯಲ್ಲಿ ಕೇಳಿಸಿ, ಹಾಗೇ ಸಾಲಿನ ಕೊನೆಯವರೆಗೂ ಹೋಯಿತು. ಅದಾಗಲೇ ಹಾಕಿಯಾಗಿರುವ ಬಾಗಿಲನ್ನು ಮರ್ಯಾದೆಯಿಂದ ದಾಟಿಹೋದಂತಿತ್ತು. ಎಂಟನೆಯ ದಳವನ್ನು ಸರ್ರನೆ ಎಳೆದು ಎದ್ದೆ.

ಹೋಗುವಾಗ ಉಳಿದ ಬಾಗಿಲುಗಳ ಮುಂದೆ ನೋಡಿದೆವು. ನೆಲ ಒದ್ದೆಯಿತ್ತು. ಆದರೆ ಅಂಥ ಮಂಜಿನಲ್ಲಿ ರಸ್ತೆಯೂ ಒದ್ದೆ, ನಮ್ಮ ಕಾರೂ ಒದ್ದೆ, ನಮ್ಮವರ ಮೀಸೆಯೂ ಒದ್ದೆ. ಅದನ್ನು ಸಾಕ್ಷಿ ಎನ್ನಲು ನನ್ನಿಂದಾಗದು.

ಕಳಸಕ್ಕೆ ಬಂದ ಮೇಲೆ ಫೋನಿಗೆ ಸಿಗ್ನಲ್ ಸಿಕ್ಕಿತು. ಹೋಟೆಲಿನ ಮುಂದೆ ನಿಂತು ವಸ್ತಾರೆಗೆ ಮಾಡಿದೆ. ಓರಗಿತ್ತಿ ಫೋನನ್ನು ಹಾಸಿಗೆಯವರೆಗೆ ಒಯ್ದು ಕೊಟ್ಟರು. ಆದದ್ದನ್ನೆಲ್ಲ ಹೇಳಿದೆ.  ಮುಗಿದ ಮೇಲೆ ಗಿರಿಜಕ್ಕ ಕೇಳಿದರು.

‘ಆ ತುದಿ ಮನೆಯಿಂದಲೇ ಶುರು ಆಯ್ತಾ?’

‘ಹೌದು.’

‘ಯಾವ ಮನೇನೂ ಬಿಡ್ಲಿಲ್ಲ ತಾನೇ?’

‘ನಮ್ಮದೊಂದು ಬಿಟ್ಟು. ಅದಕ್ಕೆ ನಾನೇ ಹಾಕಿದ್ದೆನಲ್ಲ. ನಿಮ್ಮ ಬಾಗಿಲವರೆಗೂ ಹೋಯಿತು ಗಿರಿಜಕ್ಕ. ನಿಮ್ಮದಕ್ಕೂ ಹಾಕಿದ ಹಾಗೆ ಕೇಳಿಸಿತು.’

ತಪ್ಪು ಹೇಳಿದೆನೇನೋ ಎಂದು ನನಗೆ ಗಾಬರಿಯಾಯಿತು. ನಮ್ಮವರು ಎರಡು ಲೋಟ ಕಾಫಿ ಹಿಡಿದು ಬಂದು ನನ್ನ ಮುಖವನ್ನೇ ನೋಡುತ್ತಿದ್ದರು.

‘ನಂದಕ್ಕೂ ಹಾಕಿದ್ರಾ’ ಎಂದರು ಗಿರಿಜಕ್ಕ. ಕೇಳಿದ್ದಲ್ಲ, ತಮ್ಮಷ್ಟಕ್ಕೆ ಹೇಳಿಕೊಂಡದ್ದು. ‘ಹಂಗಾದ್ರೆ ಅವರೇ ನೋಡ್ಕೊಳ್ತಾರೆ ಬಿಡು. ನನ್ನ ಕಾಯ್ತಾ ಕೂತಿಲ್ಲ.’

ಮಂಚ ಕಿರುಗುಟ್ಟಿತು. ಎದ್ದು ಕೂತರೆಂದು ತೋರುತ್ತದೆ. ಓರಗಿತ್ತಿಯನ್ನು ಕರೆದು, ಹಿಟ್ಟಿನ ಡಬ್ಬಿಯ ಪಕ್ಕ ಇಟ್ಟಿದ್ದ ಕರಟ ಎಲ್ಲಿ ಎಂದು ಕೇಳಿದ್ದು ನನಗೆ ಕೇಳಿಸಿತು. ಆಮೇಲೆ ಮತ್ತೆ ಫೋನಿಗೆ ಬಂದರು. ದನಿಯಲ್ಲಿ ಸಣ್ಣ ನಗುವಿತ್ತು, ಸ್ವಲ್ಪ ಅಂಜಿಕೆಯೂ.

‘ಇಷ್ಟು ವರ್ಷ ಎಲ್ಲರದ್ದೂ ಹಾಕ್ದೆನಲ್ಲ ವಿಮಲ, ನಂದು ಯಾವುದು ಅಂತಲೇ ಮರೆತುಹೋಗಿದೆ. ನಾಳೆ ಬೆಳಿಗ್ಗೆ ಕೂತು ನೆನಪು ಮಾಡ್ಕೋಬೇಕು.’